ಬಾಗಿಲ ಮೇಲಿನ ವೃತ್ತ

ಕಳೆದ ವರ್ಷ ಮೇ ತಿಂಗಳ ಒಂದು ಭಾನುವಾರ, ಮಳೆಗೆ ಮುಂಚಿನ ಸೆಕೆ ಮುಂಬಯಿಯನ್ನು ಬೇಯಿಸುತ್ತಿದ್ದಾಗ, ಅಣ್ಣಯ್ಯನವರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ವರದಿಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅಣ್ಣಯ್ಯ ಎನ್ನುವುದು ಅವರ ನಿಜನಾಮವಲ್ಲ, ಬಳಗದವರು ಪ್ರೀತಿಯಿಂದ ಕರೆಯುವ ಹೆಸರು. ಕುಂದಾಪುರದ ಕಡೆಯವರು. ಹದಿನಾಲ್ಕನೆಯ ವಯಸ್ಸಿಗೆ ಈ ಊರಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನಿವೃತ್ತರಾದವರು. ಮಧ್ಯ ಮುಂಬಯಿಯ ಒಂದು ಹಳೆಯ ಚಾಳಿನ ಮೂರನೆಯ ಮಹಡಿಯಲ್ಲಿ ಅವರ ಬಾಡಿಗೆ ಕೋಣೆ. ಐವತ್ತು ವರ್ಷಗಳಿಂದ ಅಲ್ಲಿಯೇ ಇದ್ದಾರೆ.

ವರದಿ ಇಂಗ್ಲಿಷಿನಲ್ಲಿತ್ತು. ಕಟ್ಟಡದ ಮಾಲೀಕರು ನೇಮಿಸಿದ ಒಂದು ಖಾಸಗಿ ಸಂಸ್ಥೆ ಸಿದ್ಧಪಡಿಸಿದ್ದು. ಡ್ರೋನ್ ಹಾರಿಸಿ ತೆಗೆದ ಗೋಡೆಯ ಚಿತ್ರಗಳು ಪುಟಪುಟವೂ ಇದ್ದವು. ಚಿತ್ರದ ಮೇಲೆ ಕೆಂಪು ಗೆರೆಗಳು. ಪಕ್ಕದಲ್ಲಿ ‘ಬಿರುಕು’ ಎಂಬ ಪದ, ಅದರ ಮುಂದೆ ಒಂದು ಸಂಖ್ಯೆ. ಬಿರುಕುಗಳನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದು ಗುರುತಿಸಿದೆ ಎಂದು ಮುನ್ನುಡಿಯಲ್ಲಿ ಹೆಮ್ಮೆಯಿಂದ ಹೇಳಿದ್ದರು. ಕೊನೆಯ ಪುಟದಲ್ಲಿ ತೀರ್ಮಾನ: ‘ಸಿ-1’ ವರ್ಗ. ಮುಂಬಯಿಯ ಬಾಡಿಗೆದಾರರಿಗೆ ಈ ಎರಡು ಅಕ್ಷರಗಳನ್ನು ವಿವರಿಸಬೇಕಾಗಿಲ್ಲ. ಅತಿ ಅಪಾಯಕಾರಿ, ತೆರವುಗೊಳಿಸಿ ಕೆಡವತಕ್ಕದ್ದು.

“ನೀವು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವರಲ್ಲವಾ, ಇದು ಎಂಥದು ಅಂತ ಓದಿ ಹೇಳಿ ಮಾರಾಯ್ರೆ,” ಎಂದರು ಅಣ್ಣಯ್ಯ. ಒಂದು ಚಿತ್ರದ ಪಕ್ಕದ 0.87 ಎಂಬ ಸಂಖ್ಯೆಯ ಮೇಲೆ ಬೆರಳಿಟ್ಟು, “ನಮ್ಮ ಮನೆ ಬೀಳುವುದಕ್ಕೆ ನೂರಕ್ಕೆ ಎಂಬತ್ತೇಳು ಪಾಲು ಅಂತಲಾ ಇದರ ಅರ್ಥ?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತ ನೋಡುವವನು ನಾನು, ಗೋಡೆ ನೋಡಿದವನಲ್ಲ. ತಿಳಿದವರನ್ನು ಕೇಳಿ, ಓದಿ, ಅರ್ಥವಾಗುವುದಕ್ಕೆ ಹಲವು ದಿನಗಳು ಹಿಡಿದವು. ಆ ಸಂಖ್ಯೆಯನ್ನು ಇಂಗ್ಲಿಷಿನಲ್ಲಿ ‘ಕಾನ್ಫಿಡೆನ್ಸ್’ ಎನ್ನುತ್ತಾರೆ. ನಾವು ಸಾಹಿತ್ಯದ ವಿದ್ಯಾರ್ಥಿಗಳು ಆ ಪದವನ್ನು ವಿಶ್ವಾಸ, ಭರವಸೆ ಎಂದು ಬಲ್ಲೆವು. ಯಂತ್ರದ ಭಾಷೆಯಲ್ಲಿ ಅದರ ಅರ್ಥ ಬಹಳ ಚಿಕ್ಕದು. ಚಿತ್ರದ ಈ ತುಣುಕು ‘ಬಿರುಕಿಲ್ಲ’ ಎಂಬ ಗುಂಪಿಗಿಂತ ‘ಬಿರುಕು’ ಎಂಬ ಗುಂಪಿಗೆ ಸೇರುತ್ತದೆ ಎಂದು ಯಂತ್ರ ತಾನೇ ಹಾಕಿಕೊಂಡ ಅಂಕ, ಅಷ್ಟೆ. ಬಿರುಕು ಗಾರೆಯದೋ ಗೋಡೆಯದೋ, ನಿನ್ನೆಯದೋ ನಲವತ್ತು ವರ್ಷ ಹಳೆಯದೋ, ಭಾರ ಹೊತ್ತ ಕಂಬದಲ್ಲಿದೆಯೋ ಅಲಂಕಾರದ ಅಂಚಿನಲ್ಲಿದೆಯೋ ಎಂಬುದನ್ನು ಆ ಅಂಕ ಹೇಳುವುದಿಲ್ಲ. ಅದು ಚಿತ್ರವನ್ನು ಕುರಿತ ಮಾತು. ಮನೆಯ ಆಯುಸ್ಸನ್ನು ಕುರಿತದ್ದಲ್ಲ.

ಅಣ್ಣಯ್ಯನವರ ಪ್ರಶ್ನೆ ನನ್ನನ್ನು ಮುಂದಕ್ಕೆ ಕರೆದೊಯ್ಯುವ ಬದಲು ಹಿಂದಕ್ಕೆ ಕರೆದೊಯ್ದಿತು. ಏಕೆಂದರೆ ಅವರ ಚಾಳು ನಿಂತಿರುವ ಬೀದಿಯೇ ಒಂದು ಮನೆ ತಪಾಸಣೆಯ ಸಂತಾನ. ಹೊರಗಿನವರೊಬ್ಬರು ಮನೆಯೊಳಗೆ ಬಂದು, ನೋಡಿ, ಬಾಗಿಲ ಮೇಲೆ ಗುರುತು ಹಾಕಿ ಹೋಗುವ ಪದ್ಧತಿಗೆ ಈ ಊರಿನಲ್ಲಿ ಸವಾಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಯಂತ್ರದ ಕಣ್ಣನ್ನು ಅಳೆಯಬೇಕಾದರೆ ಆ ಹಿಂದಿನ ಕಣ್ಣು ಏನು ಕಂಡಿತು, ಏನನ್ನು ಕಾಣಲಿಲ್ಲ ಎಂಬುದನ್ನು ತಿಳಿಯಬೇಕು.

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಬಂದರಿನ ಬಳಿಯ ಮಾಂಡವಿಯಲ್ಲಿ ವೈದ್ಯ ಅಕಾಸಿಯೊ ಗೇಬ್ರಿಯಲ್ ವಿಯೇಗಸ್ ಅವರು ಪ್ಲೇಗನ್ನು ಗುರುತಿಸಿದರು. ಮಾಂಡವಿ ಧಾನ್ಯದ ಉಗ್ರಾಣಗಳ ಕೇರಿ. ಒತ್ತೊತ್ತಾಗಿ ಜನ ವಾಸವಾಗಿದ್ದ ಜಾಗ. 1891ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ ಎಂಟು ಲಕ್ಷಕ್ಕೂ ಮೇಲಿತ್ತು. ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟರು. ಅಕ್ಟೋಬರ್‌ನಲ್ಲಿ ಪೌರಾಡಳಿತದ ಕಮಿಷನರ್ ಸ್ನೋ ಅವರು ಮನೆಗಳನ್ನು ಹೊಕ್ಕು ತಪಾಸಿಸುವ, ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವ ಅಧಿಕಾರವನ್ನು ಪ್ರಕಟಿಸಿದರು. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ಜಾರಿಗೆ ಬಂತು. ಮಾರ್ಚ್‌ನಲ್ಲಿ ಸೇನಾಧಿಕಾರಿ ಗ್ಯಾಟೇಕರ್ ಅವರ ನೇತೃತ್ವದಲ್ಲಿ ಪ್ಲೇಗ್ ಸಮಿತಿ ನೇಮಕವಾಯಿತು.

ತಪಾಸಣೆಯ ತಂಡಗಳು ಓಣಿ ಓಣಿಗೆ ಹೋದವು. ಗೋಡೆಗಳಿಗೆ ಸುಣ್ಣ ಬಳಿಸಿದವು. ಕಾರ್ಬಾಲಿಕ್ ಆಮ್ಲ ಸಿಂಪಡಿಸಿದವು. ಯಂತ್ರಗಳಿಂದ ನೀರು ಚಿಮ್ಮಿಸಿ ಮನೆಗಳನ್ನೂ ಚರಂಡಿಗಳನ್ನೂ ತೊಳೆದವು. ಕತ್ತಲೆಯ ಕೋಣೆಗಳಿಗೆ ಬೆಳಕು ಬೀಳಲೆಂದು ಮಾಡಿನ ಹಂಚುಗಳನ್ನು ತೆಗೆಸಿದವು. ನೋಡಿ ಮುಗಿದ ಮನೆಯ ಮೇಲೆ ಗುರುತು ಹಾಕಿದವು. ರೋಗಿ ಸಿಕ್ಕಿದ ಅಥವಾ ಸಾವಾದ ಮನೆಯ ಗೋಡೆಯ ಮೇಲೆ ತಾರೀಖು ಬರೆದ ವೃತ್ತ. ಒಂದೇ ಗೋಡೆಯಲ್ಲಿ ಇಂಥ ಹಲವು ವೃತ್ತಗಳು ಇದ್ದುದೂ ಉಂಟು. ವಾಸಕ್ಕೆ ಯೋಗ್ಯವಲ್ಲವೆಂದು ತೀರ್ಮಾನವಾದ ಮನೆಯ ಮೇಲೆ ‘ಯು.ಎಚ್.ಎಚ್.’ ಎಂಬ ಮೂರು ಇಂಗ್ಲಿಷ್ ಅಕ್ಷರಗಳು. ಮನುಷ್ಯವಾಸಕ್ಕೆ ಅನರ್ಹ ಎಂಬುದು ಅವುಗಳ ಅರ್ಥ. ಆ ಅಕ್ಷರಗಳನ್ನು ಓದಲಾರದ ಮನೆಯವರಿಗೂ ಅದರ ಪರಿಣಾಮ ತಿಳಿದಿತ್ತು. ಅಣ್ಣಯ್ಯನವರ ‘ಸಿ-1’ ಎಂಬ ಎರಡು ಅಕ್ಷರಗಳ ಮುತ್ತಜ್ಜ ಇದೇ ಎಂದು ನನಗನ್ನಿಸುತ್ತದೆ.

ಆ ತಪಾಸಕರು ಸೋಮಾರಿಗಳಾಗಿರಲಿಲ್ಲ, ಮೂರ್ಖರೂ ಆಗಿರಲಿಲ್ಲ. ಪ್ಲೇಗಿನ ರೋಗಾಣುವನ್ನು 1894ರಲ್ಲಿಯೇ ಹಾಂಕಾಂಗಿನಲ್ಲಿ ಯೆರ್ಸಿನ್ ಕಂಡುಹಿಡಿದಿದ್ದರು. ಆದರೆ ಅದು ಮನುಷ್ಯನಿಗೆ ಹೇಗೆ ತಲುಪುತ್ತದೆ ಎಂಬುದು ಗೊತ್ತಿರಲಿಲ್ಲ. ಕೊಳೆ, ಕತ್ತಲೆ, ಕೆಟ್ಟ ಗಾಳಿ, ಒದ್ದೆ ನೆಲ ಇವೇ ರೋಗದ ತವರು ಎಂಬುದು ಆ ಕಾಲದ ನಂಬಿಕೆ. ಆದ್ದರಿಂದ ತಪಾಸಕನ ಕಣ್ಣು ಕೊಳೆಯನ್ನು ಹುಡುಕಿತು, ಕೊಳೆಯನ್ನೇ ಕಂಡಿತು. 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹೊತ್ತು ತರುತ್ತದೆ ಎಂದು ತೋರಿಸಿದರು. ಅದನ್ನು ಬಹಳಷ್ಟು ತಜ್ಞರು ಒಪ್ಪಲಿಲ್ಲ. 1905ರಿಂದ ಮುಂಬಯಿಯ ಪರೇಲಿನ ಪ್ರಯೋಗಾಲಯದಲ್ಲಿ ಪ್ಲೇಗ್ ಸಂಶೋಧನಾ ಆಯೋಗ ನಡೆಸಿದ ಪ್ರಯೋಗಗಳ ಮೇಲೆಯೇ ಆ ಮಾತು ನೆಲೆಗೊಂಡದ್ದು. ಅಲ್ಲಿಯವರೆಗೆ ಚರಂಡಿಗೆ ನೀರು ಚಿಮ್ಮಿಸಿದಾಗ ಒಳಗಿದ್ದ ಇಲಿಗಳು ಓಡಿ ಪಕ್ಕದ ಮನೆಗಳನ್ನು ಸೇರಿರಬಹುದು ಎಂಬ ಯೋಚನೆ ತಪಾಸಕರಿಗೆ ಬಂದಿರಲಿಲ್ಲ.

ನಮ್ಮ ಹಳ್ಳಿಗಳ ಹಿರಿಯರಿಗಾದರೋ ಇಲಿ ಬಿದ್ದರೆ ಊರು ಬಿಡಬೇಕೆಂದು ಗೊತ್ತಿತ್ತು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆಗಳು ಆಗ ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದವು. 1898ರ ಹೊತ್ತಿಗೆ ಪ್ಲೇಗು ಅಲ್ಲಿಗೂ, ಅದೇ ವರ್ಷ ಬೆಂಗಳೂರಿಗೂ ಬಂತು. ಜಂತಿಯಿಂದ ಸತ್ತ ಇಲಿ ನೆಲಕ್ಕೆ ಬಿದ್ದೊಡನೆ ಬಾಗಿಲಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಉಳಿದವರ ಕಥೆಗಳನ್ನು ಉತ್ತರ ಕರ್ನಾಟಕದ ಅಜ್ಜಿಯರು ಇತ್ತೀಚಿನವರೆಗೂ ಹೇಳುತ್ತಿದ್ದರು. ಅನಂತಮೂರ್ತಿಯವರ ‘ಸಂಸ್ಕಾರ’ದ ಅಗ್ರಹಾರದಲ್ಲಿ ಸಾಯುವ ಇಲಿಗಳು ಇದೇ ನೆನಪಿನಿಂದ ಬಂದವು. ಕಾರಣ ಗೊತ್ತಿರಲಿಲ್ಲ, ಲಕ್ಷಣ ಗೊತ್ತಿತ್ತು. ಮನೆಯೊಳಗೆ ವಾಸವಾಗಿದ್ದವರ ಈ ತಿಳಿವಳಿಕೆ ಮನೆಯನ್ನು ನೋಡಲು ಬಂದವರ ಪಟ್ಟಿಯಲ್ಲಿ ಜಾಗ ಪಡೆಯಲಿಲ್ಲ.

ಬಲವಂತದ ತಪಾಸಣೆಗೆ ಜನ ಕೊಟ್ಟ ಉತ್ತರವೂ ಇತಿಹಾಸದಲ್ಲಿ ದಾಖಲಾಗಿದೆ. 1896ರ ಅಕ್ಟೋಬರ್ 29ರಂದು ಗಿರಣಿ ಕಾರ್ಮಿಕರ ದೊಡ್ಡ ಗುಂಪೊಂದು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ನುಗ್ಗಿತು. ಪುಣೆಯಲ್ಲಿ ಸೈನಿಕರು ದೇವರಮನೆ, ಅಡುಗೆಮನೆ ಎನ್ನದೆ ಹೊಕ್ಕರು. 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಇಂಥ ದೊಡ್ಡ ಘಟನೆಗಳಿಗಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಒಂದು ಸಣ್ಣ ಸಂಗತಿ: ಜನ ರೋಗಿಗಳನ್ನು ಅಡಗಿಸಿಟ್ಟರು. ಸಾವನ್ನು ಮುಚ್ಚಿಟ್ಟರು. ಗುರುತು ಬಿದ್ದರೆ ಮನೆ ಹೋಗುತ್ತದೆ, ಮನುಷ್ಯ ಹೋಗುತ್ತಾನೆ ಎಂಬ ಭಯ ಹುಟ್ಟಿದಾಗ ತಪಾಸಣೆ ತನ್ನ ಕಣ್ಣಿಗೆ ತಾನೇ ಮಣ್ಣು ಎರಚಿಕೊಂಡಂತಾಯಿತು. ಸರ್ಕಾರ ಕ್ರಮೇಣ ಬಲವಂತವನ್ನು ಸಡಿಲಿಸಲೇಬೇಕಾಯಿತು.

ಆ ಕಾಯ್ದೆಯಲ್ಲಿ ಇದ್ದದ್ದು ನಾಲ್ಕೇ ಕಲಮುಗಳು. ನಾಲ್ಕನೆಯದು, ಕಾಯ್ದೆಯಡಿ ಸದುದ್ದೇಶದಿಂದ ಮಾಡಿದ ಯಾವ ಕೆಲಸಕ್ಕೂ ಯಾರ ಮೇಲೂ ದಾವೆ ಹೂಡುವಂತಿಲ್ಲ ಎನ್ನುತ್ತದೆ. ಸರ್ಕಾರಿ ನೌಕರನಾಗಿ ಇಂಥ ರಕ್ಷಣೆಯ ಅಗತ್ಯವನ್ನು ನಾನು ಬಲ್ಲೆ. ಅದಿಲ್ಲದಿದ್ದರೆ ಯಾವ ಗುಮಾಸ್ತನೂ ಸಹಿ ಹಾಕಲಾರ. ಆದರೆ ಬಾಗಿಲ ಮೇಲೆ ವೃತ್ತ ಬರೆಯಿಸಿಕೊಂಡವನ ಕಡೆಯಿಂದ ಓದಿದರೆ ಆ ಕಲಮಿನ ಅರ್ಥ ಬೇರೆ. ಗುರುತು ಹಾಕುವವನಿಗೆ ಅಧಿಕಾರವಿತ್ತು. ಗುರುತಿನ ಬಗ್ಗೆ ಉತ್ತರ ಕೊಡುವ ಹೊಣೆ ಇರಲಿಲ್ಲ.

ತಪಾಸಣೆಯ ಎರಡನೆಯ ಅಧ್ಯಾಯ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್. 1898ರಲ್ಲಿ ಇದು ಹುಟ್ಟಿದ್ದೇ ಪ್ಲೇಗಿನಿಂದ. ಒತ್ತಾದ ಕೇರಿಗಳನ್ನು ಕೆಡವಿ ಸಮುದ್ರದ ಗಾಳಿ ನಗರದೊಳಕ್ಕೆ ಹರಿಯುವಂತೆ ಅಗಲ ರಸ್ತೆಗಳನ್ನು ತೆರೆಯುವುದು ಅದರ ಕೆಲಸ. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಹಾಗೆ ಬಂದವು. ಕೆಡವಿದ ಮನೆಗಳ ಸಂಖ್ಯೆಗೆ ಕಟ್ಟಿದ ಮನೆಗಳು ಸಾಲಲಿಲ್ಲ. ಹೊರಬಿದ್ದ ಬಡವರು ಪಕ್ಕದ ಕೇರಿಗಳಲ್ಲಿ ಇನ್ನಷ್ಟು ಒತ್ತೊತ್ತಾಗಿ ಸೇರಿಕೊಂಡರು. ಟ್ರಸ್ಟ್ ಕಟ್ಟಿದ ಚಾಳುಗಳಲ್ಲಿ ಒಂದರಲ್ಲಿ, ಪರೇಲಿನಲ್ಲಿ, ಡಾ. ಅಂಬೇಡ್ಕರ್ ಅವರು ಹಲವು ವರ್ಷ ವಾಸವಾಗಿದ್ದರು. ಇದೇ ಟ್ರಸ್ಟ್ ನಗರದ ಉತ್ತರಕ್ಕೆ ದಾದರ್, ಮಾಟುಂಗಾ ಬಡಾವಣೆಗಳನ್ನು ಯೋಜಿಸಿತು. ಅಲ್ಲಿ ದಕ್ಷಿಣದವರು ನೆಲೆಸಿದರು. 1942ರಲ್ಲಿ ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಮೈಸೂರು ಅಸೋಸಿಯೇಷನ್ ಅಲ್ಲಿಯೇ ಬೆಳೆಯಿತು. ಮುಂಬಯಿ ಕನ್ನಡಿಗರು ನಾಟಕ ನೋಡಲು, ಉಪನ್ಯಾಸ ಕೇಳಲು ಹೋಗುವ ಮಾಟುಂಗಾದ ಅಗಲ ರಸ್ತೆಗಳು ಆ ವೃತ್ತಗಳ ದೂರದ ಫಲ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳೂ ಪ್ಲೇಗಿನ ಕಾಲದಲ್ಲಿಯೇ ಮೈದಳೆದ ಬಡಾವಣೆಗಳು. ತಪಾಸಣೆಯಿಂದ ಕೆಡುಕು ಮಾತ್ರ ಆಯಿತೆಂದು ಹೇಳುವ ಹಕ್ಕು, ಆ ನೆರಳಿನಲ್ಲಿ ಕುಳಿತು ಕಾಫಿ ಕುಡಿದ ನಮಗಿಲ್ಲ.

ಸ್ವಾತಂತ್ರ್ಯಾನಂತರ ತಪಾಸಣೆಯ ವಸ್ತು ಬದಲಾಯಿತು. ರೋಗದ ಜಾಗಕ್ಕೆ ಕುಸಿತ ಬಂತು. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು ಹಳೆಯ ದರದಲ್ಲಿ ಹಿಡಿದಿಟ್ಟಿತು. ಬಾಡಿಗೆದಾರ ಉಳಿದ, ಕೆಲವೇ ರೂಪಾಯಿಗಳ ಬಾಡಿಗೆಗೆ ಮಾಲೀಕ ದುರಸ್ತಿ ನಿಲ್ಲಿಸಿದ, ಸಮುದ್ರದ ಉಪ್ಪುಗಾಳಿ, ವರ್ಷಕ್ಕೆ ನಾಲ್ಕು ತಿಂಗಳ ಮಳೆ ತಮ್ಮ ಕೆಲಸ ಮುಂದುವರಿಸಿದವು. 1969ರಲ್ಲಿ ಕಟ್ಟಡ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿಗಾಗಿ ಕಾಯ್ದೆಯಾಯಿತು. ಹಳೆಯ ಕಟ್ಟಡಗಳಿಂದ ದುರಸ್ತಿ ಕರ ವಸೂಲಿ ಆರಂಭವಾಯಿತು. ಆರಂಭದಲ್ಲಿ ಇಂಥ ಕಟ್ಟಡಗಳು ಸುಮಾರು 19,600. ಪ್ರತಿ ವರ್ಷ ಮಳೆಗೆ ಮುಂಚೆ ಸಮೀಕ್ಷೆ, ಅಪಾಯಕಾರಿ ಕಟ್ಟಡಗಳ ಪಟ್ಟಿ, ಮೂವತ್ತು ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ ಇವೆಲ್ಲ ಒಂದೊಂದಾಗಿ ಸೇರಿಕೊಂಡವು.

ಒಳ್ಳೆಯ ಎಂಜಿನಿಯರ್ ಕಟ್ಟಡವನ್ನು ನೋಡುವ ಬಗೆ ವೈದ್ಯನದು. ಕಾಂಕ್ರೀಟಿನೊಳಗಿನ ಕ್ಷಾರ ಕಬ್ಬಿಣದ ಸರಳನ್ನು ತುಕ್ಕಿನಿಂದ ಕಾಪಾಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಸೇರಿ ಆ ಕ್ಷಾರವನ್ನು ಕರಗಿಸುತ್ತದೆ. ಉಪ್ಪು ಅದಕ್ಕೆ ಜೊತೆಯಾಗುತ್ತದೆ. ತುಕ್ಕು ಹಿಡಿದ ಸರಳು ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಕೊರೆದ ಜಾಗಕ್ಕೆ ಫಿನಾಲ್ಫ್ಥಲೀನ್ ಸಿಂಪಡಿಸಿದರೆ ಆರೋಗ್ಯವಾಗಿರುವ ಕಾಂಕ್ರೀಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕ್ಷಾರ ಕಳೆದುಕೊಂಡದ್ದು ಬಣ್ಣಗೆಡದೆ ಹಾಗೆಯೇ ಉಳಿಯುತ್ತದೆ. ಸುತ್ತಿಗೆಯ ಮರುಪುಟಿತವನ್ನು ಅಳೆಯುತ್ತಾರೆ. ಶಬ್ದಾತೀತ ತರಂಗಗಳನ್ನು ಹಾಯಿಸಿ ಒಳಗಿನ ಟೊಳ್ಳನ್ನು ತಿಳಿಯುತ್ತಾರೆ. ಅಣ್ಣಯ್ಯನವರ ಚಾಳಿನಂಥ ಹಳೆಯ ಕಟ್ಟಡಗಳಲ್ಲಿ ಕಾಂಕ್ರೀಟೇ ಕಡಿಮೆ. ಇಟ್ಟಿಗೆಯ ಗೋಡೆ, ಸಾಗುವಾನಿಯ ಕಂಬ ಮತ್ತು ತೊಲೆ. ಅಲ್ಲಿ ಅಪಾಯ ಬಿರುಕಾಗಿ ಕಾಣಿಸಿಕೊಳ್ಳಬೇಕೆಂದೇನೂ ಇಲ್ಲ. ಕಕ್ಕಸಿನ ಕಡೆಯ ಕಂಬದ ಬುಡ ಸದಾ ಒದ್ದೆಯಾಗಿದ್ದು, ಹೊರಗೆ ಬಣ್ಣ ಚೆನ್ನಾಗಿದ್ದು, ಒಳಗೆ ಕೊಳೆತಿರಬಹುದು.

ಯಂತ್ರ ನೋಡುವ ಬಗೆ ಬೇರೆ. ಅದಕ್ಕೆ ಸಾವಿರಾರು ಚಿತ್ರಗಳನ್ನು ಕೊಟ್ಟು, ಇದು ಬಿರುಕು, ಇದು ಅಲ್ಲ ಎಂದು ಮನುಷ್ಯರು ಹೆಸರಿಟ್ಟು ಕಲಿಸುತ್ತಾರೆ. ಸಂಶೋಧಕರು ಬಹಳವಾಗಿ ಬಳಸುವ ಒಂದು ಚಿತ್ರಸಂಗ್ರಹದಲ್ಲಿ 56,000ಕ್ಕೂ ಹೆಚ್ಚು ಚಿತ್ರಗಳಿವೆ. 2018ರಲ್ಲಿ ಅಮೆರಿಕದ ಯೂಟಾ ರಾಜ್ಯದ ವಿಶ್ವವಿದ್ಯಾಲಯವೊಂದು ಸಿದ್ಧಪಡಿಸಿದ ಸಂಗ್ರಹ ಅದು. ಸೇತುವೆಯ ಹಾಸು, ಗೋಡೆ, ಕಾಲುದಾರಿಗಳ ಕಾಂಕ್ರೀಟಿನ ಚಿತ್ರಗಳು. 0.06 ಮಿಲಿಮೀಟರಿನಷ್ಟು ಸೂಕ್ಷ್ಮವಾದ ಬಿರುಕುಗಳೂ ಅದರಲ್ಲಿವೆ. ಮನುಷ್ಯನ ಕಣ್ಣು ದಣಿಯುವ ಕಡೆ ಯಂತ್ರ ದಣಿಯುವುದಿಲ್ಲ. ಏಣಿ ತಲುಪದ ಮಹಡಿಯನ್ನು ಡ್ರೋನ್ ತಲುಪುತ್ತದೆ. ಉಷ್ಣಚಿತ್ರದ ಕ್ಯಾಮೆರಾ ಗೋಡೆಯೊಳಗಿನ ತೇವವನ್ನು ಹೊರಗಿನಿಂದ ತೋರುತ್ತದೆ. ಕಳೆದ ವರ್ಷದ ಚಿತ್ರವನ್ನು ಈ ವರ್ಷದ್ದರ ಪಕ್ಕದಲ್ಲಿಟ್ಟು ಬಿರುಕು ಬೆಳೆದಿದೆಯೇ ಎಂದು ಹೋಲಿಸುವುದಂತೂ ಮನುಷ್ಯರು ಎಂದೂ ಸರಿಯಾಗಿ ಮಾಡದ ಕೆಲಸ. ಇವೆಲ್ಲವೂ ನಿಜವಾದ ಲಾಭಗಳೇ.

ಆದರೆ ಒಣ ಹವೆಯ ಕಾಂಕ್ರೀಟನ್ನು ನೋಡಿ ಕಲಿತ ಕಣ್ಣು ಇಲ್ಲಿಗೆ ಬಂದಾಗ ಏನನ್ನು ಕಾಣಬಹುದು? ಹತ್ತಾರು ಪದರ ಬಣ್ಣ ಹೊತ್ತ ಸುಣ್ಣದ ಗಾರೆ, ಒಣಗಿದ ಅರಳಿಬಳ್ಳಿಯಂಥ ಬೇರು, ಹಳೆಯ ವಿದ್ಯುತ್ ತಂತಿಯ ನೆರಳು, ಪಾರಿವಾಳದ ಹಿಕ್ಕೆಯ ಗೆರೆ. ಅಣ್ಣಯ್ಯನವರ ವರದಿಯ ಯಂತ್ರ ಯಾವ ಚಿತ್ರಗಳಿಂದ ಕಲಿತಿತ್ತೆಂದು ಆ ವರದಿಯಲ್ಲಿ ಎಲ್ಲಿಯೂ ಇರಲಿಲ್ಲ. 1897ರ ತಪಾಸಕ ಕೊಳೆಯನ್ನು ಹುಡುಕಲು ಕಲಿತಿದ್ದ, ಕೊಳೆಯನ್ನು ಕಂಡ. ಇದು ಬಿರುಕನ್ನು ಹುಡುಕಲು ಕಲಿತಿದೆ, ಬಿರುಕನ್ನು ಕಾಣುತ್ತದೆ. ಇಬ್ಬರ ಕಣ್ಣೂ ಸುಳ್ಳು ಹೇಳುವುದಿಲ್ಲ. ಯಾವುದನ್ನು ನೋಡಬೇಕೆಂದು ಮೊದಲೇ ನಿಶ್ಚಯಿಸಿದವರ ತಿಳಿವಳಿಕೆಯ ಆಚೆಗೆ ಆ ಕಣ್ಣುಗಳು ಹೋಗುವುದಿಲ್ಲ, ಅಷ್ಟೆ.

ಮನೆ ತಪಾಸಣೆ ಒಂದು ಸ್ವತಂತ್ರ ವೃತ್ತಿಯಾಗಿ ಬೆಳೆದ ಅಮೆರಿಕದಲ್ಲಿ ಇದರ ಇನ್ನೊಂದು ಮುಖ ಕಾಣುತ್ತಿದೆ. 1976ರಲ್ಲಿ ಅಲ್ಲಿನ ತಪಾಸಕರು ತಮ್ಮದೇ ಸಂಘ ಕಟ್ಟಿಕೊಂಡರು. ಮನೆ ಕೊಳ್ಳುವವನು ಹಣ ಕೊಟ್ಟು ಕರೆಸುವ, ಅವನ ಪರವಾಗಿ ನೋಡುವ ಕಣ್ಣು ಅದು. ತಪಾಸಕನ ಹಿಂದೆ ನಡೆದುಕೊಂಡು ಹೋಗಿ ಪ್ರಶ್ನೆ ಕೇಳಬಹುದು. ಈಗ ಅದೇ ದೇಶದ ವಿಮಾ ಸಂಸ್ಥೆಗಳು ಆಕಾಶದಿಂದ ತೆಗೆದ ಚಿತ್ರಗಳನ್ನು ತಂತ್ರಾಂಶಕ್ಕೆ ಕೊಟ್ಟು, ಮಾಡಿನ ಮೇಲೆ ಪಾಚಿ ಇದೆ, ಮರದ ಕೊಂಬೆ ಚಾಚಿದೆ ಎಂದು ವಿಮೆಯನ್ನು ನವೀಕರಿಸದೆ ಬಿಟ್ಟ ಪ್ರಸಂಗಗಳನ್ನು 2024ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ತಪಾಸಣೆ ನಡೆದದ್ದೇ ಮನೆಯವರಿಗೆ ತಿಳಿಯದು. ಪ್ಲೇಗಿನ ತಪಾಸಕ ಕನಿಷ್ಠ ಬಾಗಿಲು ತಟ್ಟಿ ಬಂದಿದ್ದ. ಅವನ ಮುಖವನ್ನು ಮನೆಯವರು ನೋಡಿದ್ದರು.

ತಪಾಸಣೆ ಬೇಡವೆಂದು ವಾದಿಸುತ್ತಿಲ್ಲ. ತಪಾಸಣೆ ಸರಿಯಾಗಿ ನಡೆಯದಿದ್ದರೆ ಏನಾಗುತ್ತದೆಂದು ಈ ನಗರಕ್ಕೆ ಗೊತ್ತಿದೆ. 2013ರ ಸೆಪ್ಟೆಂಬರ್ 27ರಂದು ಮಜಗಾಂವ್ ಬಳಿಯ ಬಾಬು ಗೇನು ಮಾರುಕಟ್ಟೆಯ ಕಟ್ಟಡ ಕುಸಿದು 61 ಜನ ಸತ್ತರು. ಅಲ್ಲಿದ್ದವರು ಮಹಾನಗರಪಾಲಿಕೆಯ ನೌಕರರ ಕುಟುಂಬಗಳು. 2017ರ ಆಗಸ್ಟ್ 31ರಂದು ಭೆಂಡಿ ಬಜಾರಿನ ಹುಸೇನಿ ಕಟ್ಟಡ 33 ಜನರನ್ನು ಬಲಿ ತೆಗೆದುಕೊಂಡಿತು. ನಮ್ಮ ಧಾರವಾಡದಲ್ಲಿ 2019ರ ಮಾರ್ಚ್ 19ರಂದು ಇನ್ನೂ ಕಟ್ಟುತ್ತಿದ್ದ ಕಟ್ಟಡವೇ ಬಿದ್ದು 19 ಜನ ಹೋದರು. ಇವುಗಳಲ್ಲಿ ಹುಸೇನಿ ಕಟ್ಟಡ ಶಿಥಿಲವೆಂದು ಮೊದಲೇ ಗುರುತಿಸಲ್ಪಟ್ಟಿತ್ತು. ಗುರುತು ಬಿದ್ದ ಮೇಲೂ ಜನ ಏಕೆ ಉಳಿಯುತ್ತಾರೆ? ಹೋದರೆ ಹಿಂದಿರುಗುವ ಭರವಸೆ ಇಲ್ಲ ಎಂಬ ಕಾರಣಕ್ಕೆ. ತಾತ್ಕಾಲಿಕ ವಸತಿಗೆ ಹೋದವರು ಅಲ್ಲಿಯೇ ಮೊಮ್ಮಕ್ಕಳನ್ನು ಕಂಡ ಉದಾಹರಣೆಗಳು ಪ್ರತಿ ಚಾಳಿನಲ್ಲಿಯೂ ಇವೆ. ಯಂತ್ರ ನೋಡುವುದನ್ನು ನೂರು ಪಟ್ಟು ವೇಗಗೊಳಿಸಬಹುದು. ಆದರೆ ನಮ್ಮಲ್ಲಿ ಕೊರತೆಯಿದ್ದುದು ನೋಟದ್ದು ಮಾತ್ರವಾಗಿರಲಿಲ್ಲ. ನೋಡಿದ ಮೇಲಿನ ಹೊಣೆಯದ್ದೂ ಆಗಿತ್ತು.

ಅಣ್ಣಯ್ಯನವರ ಚಾಳಿನಲ್ಲಿಯೂ ಹಳೆಯ ಕಥೆ ಮರುಕಳಿಸಿತ್ತು. ಡ್ರೋನ್ ಬರುತ್ತದೆಂದು ತಿಳಿದ ಕೆಲವರು ಹಿಂದಿನ ವಾರವೇ ಗಾರೆಯವನನ್ನು ಕರೆಸಿ ಬಿರುಕುಗಳಿಗೆ ಸಿಮೆಂಟು ಮೆತ್ತಿಸಿ ಬಣ್ಣ ಹೊಡೆಸಿದ್ದರು. ಪ್ಲೇಗಿನ ಕಾಲದಲ್ಲಿ ರೋಗಿಯನ್ನು ಅಡಗಿಸಿದಂತೆ ಈಗ ಬಿರುಕನ್ನು ಅಡಗಿಸಿದರು. “ತಪ್ಪೇ ಮಾರಾಯ್ರೆ, ಆದರೆ ಹೆದರಿಕೆ ಆಗುವುದಿಲ್ಲವಾ?” ಎಂದರು ಅಣ್ಣಯ್ಯ.

ಒಂದು ದಾರಿ ಇತ್ತು. ಮಾಲೀಕರ ವರದಿಗೂ ಬಾಡಿಗೆದಾರರ ವರದಿಗೂ ವ್ಯತ್ಯಾಸ ಬಂದರೆ ತಾಂತ್ರಿಕ ಸಲಹಾ ಸಮಿತಿಯ ಮುಂದೆ ಹೋಗುವ ಅವಕಾಶ ಮುಂಬಯಿಯಲ್ಲಿದೆ. ನ್ಯಾಯಾಲಯದ ಕಟ್ಟೆ ಹತ್ತಿದ ಬಾಡಿಗೆದಾರರಿಂದಾಗಿ ರೂಪುಗೊಂಡ ವ್ಯವಸ್ಥೆ ಅದು. ಬಾಡಿಗೆದಾರರು ಚಂದಾ ಎತ್ತಿ ಬೇರೊಬ್ಬ ಎಂಜಿನಿಯರರನ್ನು ಕರೆಸಿದರು. ನಾನು ಅರ್ಜಿಗಳನ್ನು ಬರೆದುಕೊಟ್ಟೆ. ಅವರು ಬಂದ ದಿನ ನಾನೂ ಹೋಗಿದ್ದೆ. ಜೊತೆಗೆ ವಯಸ್ಸಾದ ಒಬ್ಬ ಮೇಸ್ತ್ರಿ. ಕೈಯಲ್ಲಿ ಸಣ್ಣ ಸುತ್ತಿಗೆ. 0.87 ಅಂಕ ಪಡೆದ ಮುಂಭಾಗದ ಬಿರುಕು ಗಾರೆಯದ್ದು; ಬೆರಳಲ್ಲಿ ಕೆದಕಿದರೆ ಉದುರಿತು, ಹಿಂದಿನ ಇಟ್ಟಿಗೆ ಗಟ್ಟಿಯಾಗಿತ್ತು. ಅಣ್ಣಯ್ಯನವರ ಹೆಂಡತಿ ಮಾತ್ರ, “ಹಿಂದಿನ ಓಣಿಯಲ್ಲಿ ಕೊಡ ಎತ್ತಿಟ್ಟರೆ ನೆಲ ಅಲ್ಲಾಡಿದ ಹಾಗೆ ಆಗ್ತದೆ, ಎರಡು ಮಳೆಗಾಲದಿಂದ ಹೇಳ್ತಾ ಇದ್ದೇನೆ,” ಎಂದರು. ಮೇಸ್ತ್ರಿ ಅಲ್ಲಿಗೆ ಹೋಗಿ ಕಂಬ ತಟ್ಟಿದ. ಸದ್ದು ಟೊಳ್ಳಾಗಿತ್ತು. ಹಲಗೆ ಕಿತ್ತು ನೋಡಿದಾಗ ಕಕ್ಕಸಿನ ಪಕ್ಕದ ಸಾಗುವಾನಿ ಕಂಬದ ಬುಡ ಹಿಡಿದರೆ ಪುಡಿಯಾಗುವಷ್ಟು ಕೊಳೆತಿತ್ತು. ಡ್ರೋನಿನ ಯಾವ ಚಿತ್ರದಲ್ಲಿಯೂ ಆ ಕಂಬ ಇರಲಿಲ್ಲ.

ಹೀಗೆ ಯಂತ್ರ ತಪ್ಪೆಂದು ಸಾಬೀತಾಗಿ ನಾವು ಗೆದ್ದೆವೆಂದು ಬರೆಯಲು ಸಾಧ್ಯವಿಲ್ಲ. ಕಟ್ಟಡದ ಹಿಂಭಾಗ ನಿಜಕ್ಕೂ ಅಪಾಯದಲ್ಲಿತ್ತು. ಆ ಭಾಗದ ಕೋಣೆಗಳನ್ನು ಮಳೆಗೆ ಮುಂಚೆ ಖಾಲಿ ಮಾಡಬೇಕಾಯಿತು. ಅವುಗಳಲ್ಲಿ ಅಣ್ಣಯ್ಯನವರದೂ ಒಂದು. ಯಂತ್ರದ ಎಚ್ಚರಿಕೆ ನಿಜವಾಗಿತ್ತು, ಅದರ ಕಾರಣ ಸುಳ್ಳಾಗಿತ್ತು. ಪ್ಲೇಗಿನ ದಿನಗಳಲ್ಲಿಯೂ ಹೀಗೆಯೇ ಆಗಿತ್ತು. ಸಿದ್ಧಾಂತ ತಪ್ಪಾಗಿದ್ದರೂ ಮನೆ ಖಾಲಿ ಮಾಡಿದ ಎಷ್ಟೋ ಜನ ಬದುಕಿಕೊಂಡರು. ಆದರೆ ಕಾರಣ ತಪ್ಪಾದರೆ ಮದ್ದೂ ತಪ್ಪುತ್ತದೆ. ಆ ವರದಿಯನ್ನು ನಂಬಿ ದುರಸ್ತಿಯ ಹಣವನ್ನೆಲ್ಲ ಮುಂಭಾಗದ ಗಾರೆಗೆ ಸುರಿದಿದ್ದರೆ, ಯಾವುದಾದರೂ ಜುಲೈ ರಾತ್ರಿ ಹಿಂದಿನ ಕಂಬ ಮಾತಾಡುತ್ತಿತ್ತು.

ಕೆಲಸ ಮುಗಿಸುವಾಗ ಎಂಜಿನಿಯರ್ ಕೊಳೆತ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದು, ಒಳಗೆ ಆ ದಿನದ ತಾರೀಖು ಬರೆದರು. ನಾನು ಓದಿದ ಪ್ಲೇಗಿನ ಪುಟಗಳೆಲ್ಲ ಒಮ್ಮೆಲೇ ಕಣ್ಣಮುಂದೆ ಬಂದವು. ಅಣ್ಣಯ್ಯ ಅದನ್ನು ಸ್ವಲ್ಪ ಹೊತ್ತು ನೋಡಿ, “ಕೆಳಗೆ ನಿಮ್ಮ ಹೆಸರೂ ಬರೆಯಿರಿ ಸಾಹೇಬ್ರೆ,” ಎಂದರು. ಅವರು ಹಿಂಜರಿಯಲಿಲ್ಲ. ಹೆಸರು ಬರೆದು, ಅದರ ಕೆಳಗೆ ಫೋನ್ ನಂಬರನ್ನೂ ಬರೆದರು.

ಅಣ್ಣಯ್ಯ ಈಗ ಡೊಂಬಿವಲಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಹಿಂಭಾಗದ ದುರಸ್ತಿ ಇನ್ನೂ ಮುಗಿದಿಲ್ಲ. ತಿಂಗಳಿಗೊಮ್ಮೆ ಆ ನಂಬರಿಗೆ ಫೋನ್ ಮಾಡಿ, ಕಂಬ ಎಲ್ಲಿಗೆ ಬಂತು ಎಂದು ಕೇಳುತ್ತಾರೆ. ಆ ಕಡೆಯಿಂದ ಒಬ್ಬ ಮನುಷ್ಯ ಉತ್ತರ ಹೇಳುತ್ತಾನೆ.